ಕನ್ನಡಿಗೆ ಸುತ್ತಿದ್ದ ವೈರು

ಹೆಸರು ರೈಯಾ ಕೊಮುಲಾಯ್ನೆನ್, ವಯಸ್ಸು 26 ವರ್ಷ, ಶಾಲೆಯ ಅಡುಗೆಮನೆಯಲ್ಲಿ ಕೆಲಸ, ವಾಸ ಹೌಕಿಯಾರ್ವಿ ಗ್ರಾಮ, ಸಾಲುಮನೆ ನಂಬರ್ 3. ಠಾಣೆಯಲ್ಲಿ ವಿಚಾರಿಸಲಾಗಿ ನಾನು ತಿಳಿಸುವುದೇನೆಂದರೆ:

ನನ್ನ ಅಣ್ಣ ಇಲ್ಪೊ ಹೆಂಡತಿ ಸಿರ್ಕ್ಕಾಳಿಂದ ಬೇರೆಯಾದ ಮೇಲೆ, ಕಳೆದ ಶರತ್ಕಾಲದಿಂದ ನನ್ನ ಮನೆಯಲ್ಲಿದ್ದಾನೆ. ನಂಬರ್ 4ರಲ್ಲಿರುವ ಓಯಿವ ಅವರು ಸಿರ್ಕ್ಕಾಳ ಚಿಕ್ಕಪ್ಪ. ಅವರಿಗೆ 71 ವರ್ಷ. ನಾನು ಮಾವ ಎಂದು ಕರೆಯುತ್ತೇನೆ. ಅಣ್ಣನ ಮಗಳು ಯಾರ ಬಳಿ ಇರಬೇಕೆಂದು ಈ ದಿನ ಒಂಬತ್ತು ಗಂಟೆಗೆ ಕಾಯಾನಿಯ ಕೋರ್ಟಿನಲ್ಲಿ ತೀರ್ಮಾನವಾಗುವುದಿತ್ತು. ಹಿಂದಿನ ಸಲ ಅಣ್ಣ ಹೋಗಿರಲಿಲ್ಲ. ನಮ್ಮೂರಿನಿಂದ ಅಲ್ಲಿಗೆ 84 ಕಿಲೋಮೀಟರ್. ಅಷ್ಟು ಬೇಗ ಬಸ್ಸಿಲ್ಲ.

ರಾತ್ರಿ ಮೈನಸ್ 29 ಡಿಗ್ರಿ ಇತ್ತು. ಅಂಗಳದ ಕರೆಂಟ್ ಕಂಬದಿಂದ ಕಾರಿಗೆ ವೈರು ಸಿಕ್ಕಿಸಿಟ್ಟರೆ ಇಂಜಿನ್ ಕಾದು ಬೆಚ್ಚಗಿರುತ್ತದೆ. ಅಣ್ಣ ಸಿಕ್ಕಿಸಿಯೇ ಮಲಗಿದ್ದ. 6.50ಕ್ಕೆ ನಾವು ಹೊರಗೆ ಬಂದಾಗ ವೈರು ಕಂಬದಲ್ಲಿರಲಿಲ್ಲ. ಸುರುಳಿ ಮಾಡಿ ಕಾರಿನ ಕನ್ನಡಿಗೆ ಸುತ್ತಲಾಗಿತ್ತು. ಅದು ಮಾವನ ಅಭ್ಯಾಸ. ನಸುಕಿನಲ್ಲೇ ಎದ್ದು ಎಲ್ಲರ ಕಾರನ್ನೂ ನೋಡಿ, ಕಾದದ್ದರ ವೈರು ತೆಗೆದು ಕನ್ನಡಿಗೆ ಸುತ್ತುತ್ತಾರೆ. ಮರೆತು ವೈರಿನ ಸಮೇತ ಹೊರಟವರು ನಮ್ಮ ಸಾಲಿನಲ್ಲಿ ಇದ್ದಾರೆ, ಅವರಲ್ಲಿ ನಾನೂ ಒಬ್ಬಳು. ಇದನ್ನು ಅಣ್ಣನಿಗೆ ಹೇಳಿದೆ. ಕೋರ್ಟ್ ತಪ್ಪಿಸಲೆಂದೇ ಕಿತ್ತಿದ್ದಾನೆ ಎಂದ.

ಅಣ್ಣ ಕೀ ತಿರುಗಿಸಿದ. ಕಾರು ಸ್ಟಾರ್ಟ್ ಆಗಲಿಲ್ಲ. ಚಳಿಗೆ ಬಿಗಿದ ಇಂಜಿನ್ ನರಳುತ್ತಾ ತಿರುಗುತ್ತದೆ. ಇದು ಯಾವ ಭಾರವೂ ಇಲ್ಲದಂತೆ, ಹೊಲಿಗೆ ಮಿಷನ್ನಿನ ಹಾಗೆ ಗರಗರ ತಿರುಗುತ್ತಿತ್ತು. ಸದ್ದಿಗೆ ಮಾವ ಕಾಫಿ ಲೋಟ ಹಿಡಿದುಕೊಂಡೇ ಬಂದರು. ಕೋಟಿನ ಕೆಳಗೆ ಒಳ್ಳೆಯ ಬಟ್ಟೆ ಹಾಕಿದ್ದರು.

ಏನ್ ಅಳಿಯಂದ್ರೆ, ಬೆಳಿಗ್ಗೇನೇ ಬಟ್ಟೆ ಹೊಲಿಯಕ್ ಕೂತಿದೀರಾ ಎಂದು ಮಾವ ನಕ್ಕರು. ಅಳಿಯ ಗಿಳಿಯ ಅನ್ಬೇಡ ಮುದುಕಾ, ವೈರು ಯಾಕೆ ಕಿತ್ತೆ ಎಂದು ಅಣ್ಣ ಕೇಳಿದ. ಕಾದಿತ್ತಲ್ಲೋ, ಅದಕ್ಕೇ ತೆಗ್ದೆ, ಇದು ಚಳಿದಲ್ಲ, ಇಂಜಿನ್ ಒಳಗಿನ ಟೈಮಿಂಗ್ ಬೆಲ್ಟ್ ಹರಿದೋದಂಗಿದೆ, ಕೀ ಬಿಡು, ಒಳಗೆಲ್ಲ ಪುಡಿಯಾಗತ್ತೆ ಎಂದು ಮಾವ ಹೇಳಿದರು.

ಮಾವ ಲೋಟವನ್ನು ನನ್ನ ಕೈಗೆ ಕೊಟ್ಟು, ಬಾನೆಟ್ ಎತ್ತಿ ಸರಳು ಆನಿಸಿದರು. ಆಯಿಲ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು, ಒಂದೇ ಒಂದ್ಸಲ ತಿರುಗಿಸು ಎಂದು ಅಣ್ಣನಿಗೆ ಹೇಳಿದರು. ಅಣ್ಣ ತಿರುಗಿಸಿದ. ಒಳಗೆ ಆ ಬೆಲ್ಟಿನಿಂದ ತಿರುಗಬೇಕಾದ ದಂಡ ಅಲ್ಲಾಡಲಿಲ್ಲ. ನಾನೂ ನೋಡಿದೆ. ಬೆಲ್ಟ್ ಬದಲಾಯಿಸಿ ಎಷ್ಟು ವರ್ಷ ಆಯ್ತೋ ಎಂದು ಮಾವ ಕೇಳಿದರು. ಅಣ್ಣ ಕಾರಿನಿಂದ ಇಳಿದು ಬಂದ.

ಇಂಜಿನ್ ಮುಟ್ ನೋಡು ಕೂಸೇ, ತಣ್ಣಗಿದ್ರೆ ನನ್ ಕಿವಿ ಹಿಂಡು ಎಂದು ಮಾವ ನನಗೆ ಹೇಳಿದರು. ಮುಟ್ಟಿದೆ. ಬೆಚ್ಚಗಿತ್ತು. ಆಮೇಲೆ ಮಾವ ಮತ್ತೆ ಬಗ್ಗಿ ಮುಚ್ಚಳ ಹಾಕುತ್ತಾ, ನಾನೂ ಕೋರ್ಟಿಗೇ ಹೊರಟಿರೋನು, ನನ್ ಕಾರಲ್ಲೇ ಹತ್ತು, ಇನ್ನೂ ಟೈಮಿದೆ ಎಂದರು. ಸಿರ್ಕ್ಕಾ ಪರ ಸಾಕ್ಷಿ ಹೇಳಕ್ಕೆ ನನ್ನೂ ಕೂರಿಸ್ಕೊಂಡು ಹೋಗ್ತೀಯಾ ಎಂದು ಅಣ್ಣ ಕೂಗಿದ. ಕೋರ್ಟಿನವರು ಕರೆದ್ರು ಹೋಗ್ತಿದೀನಿ, ನಿನ್ ಮಗಳು ನಿನ್ನ ಕೇಳ್ತಾಳೆ ಅಂತಾನೂ ಹೇಳ್ತೀನಿ ಕಣೋ ಎಂದು ಮಾವ ತಲೆ ಎತ್ತದೆಯೇ ಹೇಳಿದರು.

ಅಣ್ಣ ಸರಳು ತೆಗೆದ. ಎರಡೂ ಕೈಯಿಂದ ಬಾನೆಟ್ಟನ್ನು ಮಾವನ ಕುತ್ತಿಗೆಯ ಮೇಲೆ ಒತ್ತಿದ. ಎತ್ತಿ ಮತ್ತೊಮ್ಮೆ ಒತ್ತಿದ. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ನಾನು ಕಿರುಚಿದ ಮೇಲೆ ಬಿಟ್ಟ.

ಆಂಬುಲೆನ್ಸಿಗೆ ನಾನೇ ಫೋನ್ ಮಾಡಿದೆ. ಬರಲು 40 ನಿಮಿಷವಾಯಿತು. ಮಾವನನ್ನು ಅಲುಗಿಸಬೇಡಿ ಎಂದು ಫೋನಿನಲ್ಲಿ ಹೇಳಿದ್ದರಿಂದ ಅವರು ಇಂಜಿನ್ ಮೇಲೆ ಒರಗಿದ್ದಂತೆಯೇ ಹೊದಿಕೆ ಹೊದಿಸಿದೆವು. ಅಣ್ಣ ತನ್ನ ಕೋಟನ್ನೂ ಹೊದಿಸಿದ. ಆಗ ಅವನು, ಸರಳು ಜಾರಿತು ಅನ್ನು, ಅವನು ವೈರು ಕಿತ್ತು ಇಂಜಿನ್ ಮಂಜುಗಡ್ಡೆ ಹಾಗೆ ಇತ್ತು ಅನ್ನು, ಇಲ್ಲದಿದ್ರೆ ಮಗು ಹೋಯ್ತು ಕಣೇ ರೈಯಾ ಎಂದು ಅತ್ತ. ಆಗಲಿ ಎಂದು ನಾನು ತಲೆಯಾಡಿಸಿದ್ದೆ.

ಮಾವನಿಗೆ ಇದುವರೆಗೆ ಪ್ರಜ್ಞೆ ಬಂದಿಲ್ಲ. ಅವರನ್ನು ಎತ್ತಿಕೊಂಡು ಹೋಗುವಾಗ ನಾನು ಲೋಟ ಹಿಡಿದೇ ನಿಂತಿದ್ದೆ, ಅದರಲ್ಲಿದ್ದ ಕಾಫಿ ಗಡ್ಡೆ ಕಟ್ಟಿತ್ತು. ಇಂಜಿನ್ ಮೇಲಿದ್ದ ಅವರ ಬಲಗೈ ಮುಟ್ಟಿದೆ, ಅದು ಮಾತ್ರ ಆಗಲೂ ಬೆಚ್ಚಗಿತ್ತು.

ಸರಳು ಜಾರಲಿಲ್ಲ. ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಹೌಕಿಯಾರ್ವಿ
ದಿನಾಂಕ: 17 ಜನವರಿ
ಸಹಿ: ರೈಯಾ ಕೊಮುಲಾಯ್ನೆನ್