ಮಾದಮ್ಮಜ್ಜಿಯ ನಲ್ಲಿಯಲ್ಲಿ ಮೊದಲ ಗುಟುಕು

ಸೇರಿರುವ ಹಿರಿಯರಿಗೆ, ತಾಯಂದಿರಿಗೆ, ಅಂದಾನಣ್ಣನ ಮನೆಯವರಾದ ಇಂದ್ರಮ್ಮಕ್ಕನಿಗೆ, ಮಗಳು ಹೇಮಾಳಿಗೆ ಕೈ ಮುಗಿಯುತ್ತೇನೆ. ನಾನು ಸಿದ್ದರಾಮು. ತೀರಿಕೊಂಡ ನಮ್ಮ ಅಂದಾನಣ್ಣನ ಜೊತೆ ಈ ಊರಿಗೆ ನೀರು ಬಿಡುತ್ತಿದ್ದವನು. ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಣ್ಣ ಹೋದಾಗಿನಿಂದ ನನಗೆ ಒಂದೇ ಕನಸು. ಮೇಲಿನ ಬೀದಿಯ ನಲ್ಲಿಗಳೆಲ್ಲ ಸುರಿಯುತ್ತಿವೆ. ಹೆಂಗಸರು ಬಿಂದಿಗೆ ಇಟ್ಟಿದ್ದಾರೆ. 'ಇಡೀಬ್ಯಾಡಿ, ಇಡೀಬ್ಯಾಡಿ' ಎಂದು ಕೂಗುತ್ತೇನೆ — ಬಾಯಿ ತೆರೆದಿದೆ, ದನಿಯಿಲ್ಲ. ಅಣ್ಣ ಜಗುಲಿ ಮೇಲೆ ಕೂತು ನನ್ನನ್ನೇ ನೋಡುತ್ತಾರೆ. ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗೊತ್ತಿರುವುದನ್ನೇ ಹೇಳುತ್ತೇನೆ. ನಮ್ಮೂರಿಗೆ ಎರಡು ನೀರು. ಮನೆಯ ನಲ್ಲಿಗೆ ಹೊಳೆ ನೀರು — ಕುಡಿಯಲು, ಬಂದ ದಿನ ಬಂತು. ಬೀದಿಯ ತೊಟ್ಟಿಗೆ ಬೋರಿನ ನೀರು — ಬಿಂದಿಗೆಗೆ ಬಿಳಿ ಪೊರೆ ಕಟ್ಟುತ್ತದೆ, ಕುಡಿದ ಮಕ್ಕಳ ಹಲ್ಲು ಕಂದಾಗುತ್ತದೆ, ದೊಡ್ಡವರ ಮಂಡಿ ಹಿಡಿದುಕೊಳ್ಳುತ್ತದೆ. ಎರಡರ ನಡುವೆ ಡೈರಿ ಪಕ್ಕದ ಗುಂಡಿಯಲ್ಲಿ ಒಂದು ವಾಲು. ಅದು ಯಾವಾಗಲೂ ಮುಚ್ಚಿರಬೇಕು, ಇಲ್ಲದಿದ್ದರೆ ಬೋರಿನ ನೀರು ಕುಡಿಯುವ ನೀರಿಗೆ ಸೇರುತ್ತದೆ.

ತೆರೆಯುವುದು ಊರಲ್ಲಿ ಸಾವಾದಾಗ ಮಾತ್ರ. ಮಣ್ಣು ಮಾಡಿ ಬಂದವರೆಲ್ಲ ತಲೆಗೆ ನೀರು ಹಾಕಿಕೊಳ್ಳಬೇಕಲ್ಲ, ಹೊಳೆ ನೀರು ಸಾಲದು. ಆಗ ಅಣ್ಣ ಬೋರಿನ ನೀರನ್ನೇ ಮನೆಯ ನಲ್ಲಿಗೆ ಬಿಡುತ್ತಿದ್ದರು. ಆಮೇಲೆ ವಾಲು ಮುಚ್ಚಿ, ಪೈಪಿನಲ್ಲಿ ಉಳಿದದ್ದನ್ನು ಚರಂಡಿಗೆ ಹರಿಸಿ, ಹೊಳೆ ನೀರು ಬಂದಾಗ ಕೊನೆಯ ಮನೆ ಮಾದಮ್ಮಜ್ಜಿಯ ನಲ್ಲಿಯಲ್ಲಿ ತಾವೇ ಮೊದಲು ಕುಡಿಯುವರು. ಅವರು ತಲೆಯಾಡಿಸುವ ತನಕ ಯಾರೂ ಬಿಂದಿಗೆ ಇಡುವಂತಿಲ್ಲ. ಅಜ್ಜಿ ರೇಗುತ್ತಿದ್ದರು — ನಗಬೇಡಿ, ನೀವೂ ಕೇಳಿದ್ದೀರಿ — 'ಲೇ ಅಂದಾನಿ, ತೀರ್ಥ ಕುಡ್ದಂಗೆ ಕಣ್ ಮುಚ್ಕಂಡು ನಿಂತವ್ನೆ ನೋಡು! ಬೇಗ ನುಂಗ್ಲಾ!'

ಬೆಳ್ಳೂರು ಕ್ರಾಸಿನ ಹೋಟೆಲಲ್ಲೂ ಅಷ್ಟೆ. ಲೋಟದ ನೀರನ್ನು ಹೀಗೆ ಬಾಯಲ್ಲಿ ಹೊರಳಿಸುತ್ತಿದ್ದರು. ಒಂದು ಸಲ ಹೋಟೆಲಿನವನು 'ಏನ್ ಅಂದಾನಣ್ಣ, ವಿಸ ಆಕಿದ್ದೀನಾ?' ಎಂದ. 'ವಿಸ ಆದ್ರೆ ಅವತ್ತೇ ಗೊತ್ತಾಯ್ತದೆ ಕಣ್ಲಾ. ಇದು ಮಂಡಿ ಇಡ್ಕಂಡ ಮೇಲೆ ಗೊತ್ತಾಗೋದು' ಎಂದರು.

ಇನ್ನು ಅವರನ್ನು ಮಣ್ಣು ಮಾಡಿ ಬಂದ ದಿನದ ಮಾತು. ಊರೆಲ್ಲ ನಲ್ಲಿ ಮುಂದೆ ನಿಂತಿತು. ನಿಂತೇ ಇತ್ತು. 'ಇನ್ನೂ ನೀರ್ ಬುಟ್ಟಿಲ್ವಾ?' ಎಂದು ಯಾರೋ ಕೇಳಿದರು. ಯಾರಿಗಾಗಿ ಕಾಯುತ್ತಿದ್ದೆವು? ಅಂದಾನಣ್ಣನಿಗೆ! ಅವರನ್ನೇ ಮಣ್ಣಿಗಿಟ್ಟು ಬಂದು, ಅವರು ಬಂದು ನೀರು ಬಿಡಲಿ ಎಂದು ಕಾಯುತ್ತಿದ್ದೆವು. ನಾನೂ ಕಾಯುತ್ತಿದ್ದೆ. ಕೊನೆಗೆ ಇಂದ್ರಮ್ಮಕ್ಕನೇ ಎದ್ದು, ಬಾಗಿಲ ಹಿಂದಿದ್ದ ವಾಲಿನ ಚಾವಿ ತಂದು ನನ್ನ ಕೈಗಿಟ್ಟರು. 'ಓಗು ಸಿದ್ದರಾಮು, ನೀನೇ ಬುಡು. ಅವ್ರು ಬರಾಕಿಲ್ಲ ಕಣಪ್ಪ.'

— ಹೋದೆ. ಬಿಟ್ಟೆ. ಆಮೇಲೆ ಮುಚ್ಚಿದೆ. ಮುಚ್ಚಿದ್ದೇನೆ. ಪೈಪನ್ನೂ ಖಾಲಿ ಮಾಡಿದ್ದೇನೆ. ಆದರೆ ಅಳುತ್ತಾ ತಿರುಗಿಸಿದ್ದು, ಬಿಗಿಯಾಯಿತೋ ಇಲ್ಲವೋ? ಮತ್ತೆ ಹೋಗಿ ನೋಡಿದೆ, ಬಿಗಿಯಾಗಿತ್ತು. ನನ್ನ ಕೈಯನ್ನು ನಾನೇ ನಂಬದೆ, ಮೋಟಾರು ರಿಪೇರಿಯ ತಿಮ್ಮೇಶನನ್ನು ಕಳಿಸಿದೆ. 'ಬಿಗಿಯಾಗೈತೆ ಕಣಣ್ಣ, ಇನ್ನೂ ತಿರುವಿದ್ರೆ ಮುರ್ದೋಯ್ತದೆ' ಎಂದು ಬೈದ.

ಆದರೂ, ಅಣ್ಣ ಹೋದ ಮೇಲೆ ಹೊಳೆ ನೀರು ಬರುತ್ತಿರುವುದು ಇವತ್ತೇ ಮೊದಲು. ಈ ಸಭೆ ಮುಗಿಯುತ್ತಲೇ ಬಿಡಬೇಕು. ಮೊದಲ ಗುಟುಕು ನಾನು ಕುಡಿಯುತ್ತೇನೆ. ನನ್ನ ನಾಲಿಗೆ ಅವರ ನಾಲಿಗೆಯಲ್ಲ. ಮಾದಮ್ಮಜ್ಜಿ, ನೀವೂ ಒಂದು ಗುಟುಕು ಕುಡಿದು ಹೇಳಬೇಕು. ಕಣ್ಣು ಮುಚ್ಚಿಕೊಂಡೇ ಕುಡಿಯಿರಿ. ನಾನು ಅವಸರ ಮಾಡುವುದಿಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕೂತೇ ಇರಬೇಕಾದ ಹಿರಿಯರು ಕೂತಿರಿ. ಸ್ವಲ್ಪ ಹೊತ್ತು ಮಾತು ಬೇಡ, ಅಂದಾನಣ್ಣನನ್ನು ನೆನೆಯೋಣ.

— ತಿಮ್ಮೇಶ, ನೀನು ನಿಲ್ಲಬೇಡ. ತಗೋ, ಚಾವಿ. ಬೈಯುವುದಿದ್ದರೆ ಆಮೇಲೆ ಬೈಯುವೆಯಂತೆ. ಡೈರಿ ಪಕ್ಕದ ಆ ವಾಲು ಇನ್ನೊಂದೇ ಒಂದು ಸಲ ನೋಡಿ ಬಾ ಕಣಪ್ಪ.