ತಳ್ಳುಗಾಡಿ ಅಂದ್ಮೇಲೆ

ಕಾದ ಎಣ್ಣೆ ಇಟ್ಟುಕೊಂಡು ಗಾಡಿ ತಳ್ಳುವುದು ಹೇಗೆ? ತೊಂಬತ್ತೆಂಟರ ಆ ಸಂಜೆ, ಬಟವಾಡಿ ಬಸ್ ಸ್ಟಾಪಿನ ಬಳಿ ಬೋಂಡಾ ಮಾರುವ ರೇವಣಸಿದ್ದಯ್ಯನವರ ಮನಸ್ಸಿನಲ್ಲಿ ಇದೇ ಇದ್ದಿರಬೇಕು. ಬಸ್ಸಿಗೆ ಕಾಯುತ್ತಿದ್ದ ನನಗೆ ಗಂಡ ಹೆಂಡತಿಯ ಮಾತು ಕೇಳುತ್ತಿತ್ತು.

“ತಳ್ಳುಗಾಡಿ ಅಂದ್ಮೇಲೆ ತಳ್ತಾನೇ ಇರ್ಬೇಕಂತೆ ಕಣೇ. ನಿಂತ್ರೆ ಮುನ್ಸಿಪಾಲ್ಟಿಯೋರು ಗಾಡಿ ಎತ್ಕೊಂಡ್ ಹೋಗ್ತಾರಂತೆ.”

“ಬೋಂಡಾ ಬೇಯೋವರ್ಗೂ ನಿಲ್ಬಾರ್ದಾ?”

“ನಡೀತಾ ಬೇಯ್ಸು ಅಂದ್ರು ಸಾಹೇಬ್ರು.”

“ತಿನ್ನೋರು ಹಿಂದೆ ಓಡ್ಬರ್ಬೇಕಾ?”

“ನಗ್ಬೇಡ. ಗಾಡಿ ಹೋದ್ರೆ ಊಟಕ್ಕೇನ್ ಮಾಡಣ?”

“ಹಂಗಾದ್ರೆ ತಳ್ರೀ. ನಾನು ಜಾಲರಿ ಸೌಟು ಹಿಡ್ಕೊಂಡು ಪಕ್ಕದಲ್ಲೇ ಬರ್ತೀನಿ.”

“ಎಣ್ಣೆ ನಿನ್ ಮೇಲೆ ಚೆಲ್ಲಿದ್ರೆ?”

“ಮೆಲ್ಲಗ್ ತಳ್ರೀ.”

ರೇವಣಸಿದ್ದಯ್ಯನವರು ಊದಿದ ಮೊಣಕಾಲನ್ನು ಒಮ್ಮೆ ನೀವಿಕೊಂಡು ಗಾಡಿಗೆ ಕೈ ಕೊಟ್ಟರು. ಇಬ್ಬರೂ ಶೆಟ್ಟಿಹಳ್ಳಿ ಕಡೆಗೆ ಹೊರಟರು. ತಳ್ಳಲು ತಮ್ಮ ಕೈಲಿ ಆಗುವುದಿಲ್ಲ ಎಂದು ಅವರು ಹೆಂಡತಿಗೆ ಹೇಳಲೇ ಇಲ್ಲ.