ಘೋಡಗೇರಿ ಹೊಲದಲ್ಲಿ ಗುರುಲಿಂಗಪ್ಪನವರ ಲಿಂಗ ಕಳೆದ ಬಗ್ಗೆ

ನಾನು ಶಿದ್ರಾಮ ತಂದೆ ರುದ್ರಪ್ಪ ಕಮತಗಿ, ವಯಸ್ಸು 43 ವರ್ಷ, ಜಾತಿ ಲಿಂಗಾಯತ, ಉದ್ಯೋಗ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್, ಸಾಕಿನ್ ಕೊಣ್ಣೂರ, ತಾಲೂಕು ಗೋಕಾಕ. ಯಾರೂ ಕರೆಸದಿದ್ದರೂ ಇಂದು ಮಧ್ಯಾಹ್ನ 2-30ಕ್ಕೆ ಠಾಣೆಗೆ ಹಾಜರಾಗಿ, ನನ್ನ ಮೇಲೆ ನಾನೇ ಬರೆಯಿಸುವುದೇನೆಂದರೆ,

ಘೋಡಗೇರಿಯಲ್ಲಿ ನಮ್ಮ ದೊಡ್ಡಪ್ಪ ಗುರುಲಿಂಗಪ್ಪನವರ ಎರಡು ಎಕರೆ ಎರೆ ಹೊಲವಿದೆ. ಚಿಕ್ಕಂದಿನಿಂದಲೂ ನಾನು ಆಡಿ ಬೆಳೆದ ಹೊಲ. ಮೂರು ವರ್ಷದ ಹಿಂದೆ ನೆಲದೊಳಗಿನ ಲೋಹ ಹುಡುಕುವ ಯಂತ್ರ ತರಿಸಿ, ಅಂಗಡಿಗೆ ರಜೆ ಇರುವ ಭಾನುವಾರ ಅಲ್ಲಿ ತಿರುಗುತ್ತಿದ್ದೆನು. ಇದುವರೆಗೆ ತೂತಿನ ಕಾಸು ಹನ್ನೊಂದು, ಎತ್ತಿನ ಗೆಜ್ಜೆ ನಾಲ್ಕು, ನೇಗಿಲಿನ ಒಂದು ಮುರುಕು ಕುಡ ಸಿಕ್ಕಿವೆ. ಎಲ್ಲವನ್ನೂ ದೊಡ್ಡವ್ವ ಕಾಶೆವ್ವಳಿಗೆ ತೋರಿಸಿಯೇ ಒಯ್ದಿದ್ದೇನೆ. ಕಳ್ಳತನಕ್ಕೆಂದು ಹೋದವನಲ್ಲ. ಕಳ್ಳನಾದರೂ ನೋಡಿ ಅಗೆಯುತ್ತಿದ್ದ.

ದೊಡ್ಡಪ್ಪ 14-05-2021ರಂದು ಕೊರೋನಾದಿಂದ ತೀರಿಕೊಂಡರು. ಲಾಕ್‌ಡೌನ್ ಇದ್ದುದರಿಂದ ನಾನು ಮಣ್ಣಿಗೆ ಹೋಗಲಿಲ್ಲ. ಹೆದರಿದ್ದೆ ಎಂಬುದೂ ಖರೆ. ಆಮೇಲೆ ಹೋದಾಗ ಬದುವಿನ ಮೇಲೆ ಬೇವಿನ ಗಿಡದ ಕೆಳಗೆ ಒಂದು ಕಲ್ಲು ನಿಲ್ಲಿಸಿದ್ದರು. ಮಣ್ಣು ಮಾಡಿದ್ದು ಅಲ್ಲೇ ಎಂದು ತಿಳಿದು, ಪ್ರತಿ ಸಲ ಕೈಮುಗಿದು, ಕಲ್ಲಿಗೆ ಹತ್ತು ಅಡಿ ದೂರ ಬಿಟ್ಟೇ ಯಂತ್ರ ಆಡಿಸುತ್ತಿದ್ದೆನು.

13-04-2025 ಭಾನುವಾರ ಬೆಳಿಗ್ಗೆ 8-15ಕ್ಕೆ, ಆ ಕಲ್ಲಿನಿಂದ 22 ಅಡಿ ಪಶ್ಚಿಮಕ್ಕೆ ಯಂತ್ರ ಜೋರಾಗಿ ಕೂಗಿತು. ಮಾರ್ಚ್‌ನಲ್ಲಿ ಜೆಸಿಬಿಯಿಂದ ಹೊಲ ಮಟ್ಟ ಮಾಡಿಸುವಾಗ ಅಲ್ಲಿ ಸುಮಾರು ಎರಡು ಅಡಿ ಮಣ್ಣು ಹೋಗಿತ್ತು. ಅಗೆದಾಗ ಬಿಳಿ ಚೂರುಗಳು ಬಂದವು. ಎರೆ ಮಣ್ಣಿನಲ್ಲಿ ಸುಣ್ಣಕಲ್ಲು ಇದ್ದೇ ಇರುತ್ತದೆಂದು ಪಕ್ಕಕ್ಕೆ ಹಾಕಿದೆನು. ಒಂದು ಅಡಿ ಆಳದಲ್ಲಿ ಅಪ್ಪಚ್ಚಿಯಾದ ಬೆಳ್ಳಿ ಡಬ್ಬಿ ಸಿಕ್ಕಿತು. ಒಳಗೆ ಕರಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಗುದ್ದಲಿ ಕಾವಿಗೆ ಮೂರು ಸಲ ಬಡಿದು ಉದುರಿಸಿದೆನು. ಕೊಂಡಿಗೆ ಹಸಿರುಗಟ್ಟಿದ ತಾಮ್ರದ ತಂತಿ ಸುತ್ತಿತ್ತು. ಹಳೇ ಕಾಲದವರ ಕೈಕೆಲಸ ಎಷ್ಟು ನೀಟು ಎಂದು ಮೆಚ್ಚಿಕೊಂಡು, ತಗ್ಗು ಮುಚ್ಚಿ ಮನೆಗೆ ಹೋದೆನು. ಮರುದಿನ ಅರಿಷಿಣ ನಾಟಿಗೆಂದು ಬಾಡಿಗೆ ಟ್ರ್ಯಾಕ್ಟರ್ ಬಂದು ಆ ಜಾಗಕ್ಕೆಲ್ಲ ರೋಟಾವೇಟರ್ ಹೊಡೆದಿದೆ.

16-04-2025ರಂದು ಸಂಜೆ 5 ಗಂಟೆಗೆ, ಮೂಡಲಗಿಯ ಮಗಳ ಮನೆಯಿಂದ ಬಂದಿದ್ದ ದೊಡ್ಡವ್ವಳ ಕೈಗೆ ಡಬ್ಬಿ ಕೊಟ್ಟು, "ರಾಜರ ಕಾಲದ್ದು ಸಿಕ್ಕೈತಿ ನೋಡ ದೊಡ್ಡವ್ವಾ" ಎಂದು ನಕ್ಕೆನು. ಆಕೆ ಹೆಬ್ಬೆರಳಿನಿಂದ ತಂತಿಯನ್ನು ಸವರಿದಳು.

"ಇದು ನಿನ್ನ ಅಂಗಡ್ಯಾಗಿನ ತಂತಿ ಅಲ್ಲೇನೋ ಶಿದ್ರಾಮ?" ಎಂದಳು.

ಅದು ದೊಡ್ಡಪ್ಪನ ಕರಡಿಗೆ, ಅಂದರೆ ಲಿಂಗವನ್ನಿಟ್ಟು ಕೊರಳಿಗೆ ಹಾಕಿಕೊಳ್ಳುವ ಡಬ್ಬಿ. ಅದರ ಕೊಂಡಿ ಮುರಿದಾಗ ಮೋಟರ್ ತಂತಿ ಐದು ಸುತ್ತು ಸುತ್ತಿ ಕೊಟ್ಟವನು ನಾನೇ. ನನ್ನ ಕೈಕೆಲಸ ನನಗೇ ಗುರುತು ಸಿಗಲಿಲ್ಲ.

ಬೇವಿನ ಬೇರು ಅಡ್ಡ ಬಂದು ಅಲ್ಲಿ ಅಗೆಯಲಾಗಲಿಲ್ಲವೆಂದು, ತಾನೂ ಬಾಜೂ ಹೊಲದ ಲಗಮಪ್ಪನೂ ಇಬ್ಬರೇ ಸೇರಿ ಹೊಲದೊಳಗೆ ಮೂರು ಅಡಿಯ ಕುಣಿ ತೋಡಿದೆವೆಂದು, ನೇಗಿಲಿಗೆ ತಾಗಬಾರದೆಂದು ಕಲ್ಲನ್ನು ಮಾತ್ರ ಬದುವಿಗೆ ನಿಲ್ಲಿಸಿದೆವೆಂದು ದೊಡ್ಡವ್ವ ಹೇಳಿದಳು. ನಮ್ಮಲ್ಲಿ ಲಿಂಗವನ್ನು ಕರಡಿಗೆಯಿಂದ ತೆಗೆದು ಸತ್ತವರ ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಅಂದು ಮುಟ್ಟಬಾರದೆಂದು ಹೇಳಿದ್ದರಿಂದ, ಸ್ವಾಮಿಗಳೂ ಬರದೇ ಇದ್ದುದರಿಂದ, ಕರಡಿಗೆ ಕೊರಳಲ್ಲೇ ಉಳಿಯಿತು. ಅಂಗೈಗೆ ಬರದಿದ್ದರೂ ಲಿಂಗ ಅವರ ಜೋಡಿಗಿದೆ ಎಂದು ನಾಲ್ಕು ವರ್ಷ ಆಕೆ ಸಮಾಧಾನ ಮಾಡಿಕೊಂಡಿದ್ದಳು.

"ಬೆಳ್ಳಿ ನೀನ ಇಟ್ಕೋ ತಮ್ಮಾ. ಒಳಗಿಂದು ಎಲ್ಲಿ ಹಾಕಿದಿ?" ಎಂದು ಕೇಳಿದಳು. ನಾನು ಕಾವಿಗೆ ಬಡಿದು ಉದುರಿಸಿದ್ದು ಅದನ್ನೇ.

17ರಿಂದ ಇಂದಿನವರೆಗೆ ಆರು ದಿನ ಆ ಮಣ್ಣನ್ನು ಜರಡಿ ಹಿಡಿದಿದ್ದೇವೆ. ಸುಣ್ಣಕಲ್ಲೆಂದು ನಾನು ಪಕ್ಕಕ್ಕೆ ಹಾಕಿದ್ದ ಎಲುಬಿನ ಚೂರುಗಳನ್ನು ಆರಿಸಿ, ಕುಣಿಯನ್ನು ಮತ್ತೆ ತೋಡಿ ಅದರಲ್ಲಿಟ್ಟಿದ್ದೇವೆ. ಲಿಂಗ ನೆಲ್ಲಿಕಾಯಿಯಷ್ಟು, ಬಣ್ಣ ಕಪ್ಪು. ಮಣ್ಣೂ ಕಪ್ಪು. ಯಂತ್ರವನ್ನೂ ಆಡಿಸಿದೆನು. ಅದು ಕಲ್ಲಿಗೆ ಕೂಗುವುದಿಲ್ಲ. ದೊಡ್ಡವ್ವ ಒಂದೊಂದು ಕರಿ ಹೆಂಟೆಯನ್ನೂ ಎತ್ತಿ "ಇದೇನೋ?" ಎನ್ನುತ್ತಾಳೆ. ಹಿಚುಕಿದರೆ ಪುಡಿಯಾಗುತ್ತದೆ. ನನ್ನ ಕೊರಳಿನ ಲಿಂಗವನ್ನೇ ಕುಣಿಯಲ್ಲಿ ಇಡೋಣವೆಂದೆನು. "ಅದು ನಿಂದು. ಅವರದು ಹೆಂಗಾದೀತು?" ಎಂದಳು. ಅವರನ್ನು ಲಿಂಗ ಇಲ್ಲದೆ ಮುಚ್ಚಲಾರೆನೆಂದು ಕುಣಿಯನ್ನು ತೆರೆದೇ ಇಟ್ಟಿದ್ದಾಳೆ. ಮೇಲೆ ತಾಡಪತ್ರಿ ಹಾಕಿದ್ದೇವೆ.

ದೂರು ಕೊಡು ಎಂದು ನಾನೇ ಕಾಲು ಹಿಡಿದೆನು. "ನಮ್ಮ ಹುಡುಗನ ಮ್ಯಾಲ ಯಾಕ ಬರಸ್ಲಿ?" ಎಂದಳು. ಬೈದಿದ್ದರೆ ಬದುಕುತ್ತಿದ್ದೆನು. ಆದ್ದರಿಂದ ನಾನೇ ಬಂದಿದ್ದೇನೆ. ಯಂತ್ರವನ್ನೂ ಕರಡಿಗೆಯನ್ನೂ ತಮ್ಮ ವಶಕ್ಕೆ ಕೊಟ್ಟಿದ್ದೇನೆ. ಯಂತ್ರ ನನಗೆ ಮರಳಿ ಬೇಡ. ಯಾವ ಕಲಂ ಹಾಕಿದರೂ ನನ್ನ ತಕರಾರಿಲ್ಲ.

ಇಂದು ಸಂಜೆ 5 ಗಂಟೆಗೆ ಊರ ಹಿರಿಯರು ಬಂದು ಕುಣಿ ಮುಚ್ಚಿಸುವವರಿದ್ದಾರೆ. ಇನ್ನೂ ಎರಡು ಸಾಲಿನ ಮಣ್ಣು ಜರಡಿ ಹಿಡಿಯುವುದಿದೆ. ದೊಡ್ಡವ್ವ ಒಬ್ಬಳೇ ಹಿಡಿಯುತ್ತಿದ್ದಾಳೆ. ಬಂಧಿಸುವುದಿದ್ದರೆ 5ರ ನಂತರ ಬಂಧಿಸಬೇಕು, ಈಗ ನನ್ನನ್ನು ಹೊಲಕ್ಕೆ ಬಿಡಬೇಕು ಎಂದು ಕೈಮುಗಿದು ಕೇಳುತ್ತೇನೆ.

ಬರೆದುಕೊಂಡದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಖರೆ.

ಸ್ಥಳ: ಹುಕ್ಕೇರಿ
ದಿನಾಂಕ: 22-04-2025, ವೇಳೆ 3-40
ಸಹಿ: ಶಿದ್ರಾಮ ರು. ಕಮತಗಿ